ಪೀರಾಂಬಿಯ ಬೆರಳು

ಪೀರಾಂಬಿಯನ್ನು ಕಂಡರೆ ನನಗೆ ಮೊದಲಿನಿಂದಲೂ ಆಗುತ್ತಿರಲಿಲ್ಲ. ಈಗ ಅವಳ ಬಗ್ಗೆ ನಾಲ್ಕು ಒಳ್ಳೆಯ ಮಾತು ಬರೆಯಲು ಕೂತಿದ್ದೇನೆ ಎಂದ ಮಾತ್ರಕ್ಕೆ ಅದನ್ನು ಮುಚ್ಚಿಡುವುದು ಸರಿಯಲ್ಲ. ನಾನು ವಿಜಾಪುರದ ಗಾಂಧಿ ಚೌಕದ ಹತ್ತಿರ ಒಬ್ಬ ಡಾಕ್ಟರರ ದವಾಖಾನೆಯಲ್ಲಿ ಕಂಪೌಂಡರನಾಗಿದ್ದೆ. ಹೆಸರು ಶಿವಯೋಗೆಪ್ಪ. ಇಂಥ ಶಾಂತವಾದ ಹೆಸರಿಟ್ಟುಕೊಂಡು ಇಷ್ಟು ಸಿಟ್ಟು ಮಾಡುವ ಮನುಷ್ಯನನ್ನು ತಾನು ಎಲ್ಲೂ ಕಂಡಿಲ್ಲ ಎಂದು ನನ್ನ ಹೆಂಡತಿ ರೇಣುಕವ್ವ ಇವತ್ತಿಗೂ ಹೇಳುತ್ತಾಳೆ. ಅವಳು ಬಬಲೇಶ್ವರದವಳು, ಮಾತಿಗೆ ಸೋತವಳಲ್ಲ.

ನಮ್ಮ ದವಾಖಾನೆಯ ಹಿಂದೆಯೇ ಹಗ್ಗದ ಓಣಿ. ಹಿಂದೆ ಯಾವಾಗಲೋ ಅಲ್ಲಿ ಹಗ್ಗ ಹೊಸೆಯುತ್ತಿದ್ದರಂತೆ, ನಾನು ನೋಡುವ ಹೊತ್ತಿಗೆ ಹೆಸರು ಮಾತ್ರ ಉಳಿದಿತ್ತು. ಹದಿನಾಲ್ಕು ಮನೆ, ಒಂದೇ ನಳ, ನಡುವೆ ಹರಿಯುವ ಗಟಾರ. ಎಲ್ಲವೂ ಮಣ್ಣಿನ ಮಾಳಿಗೆ ಮನೆಗಳು. ಕಿಟಕಿ ಎಂಬುದು ಇಲ್ಲ, ಮಾಳಿಗೆಯ ಮೇಲೊಂದು ಬೆಳಕಿಂಡಿ ಅಷ್ಟೇ. ಅದನ್ನೂ ಚಳಿಗೆ ಹೆದರಿ ಕಲ್ಲು ಮುಚ್ಚಿ ಇಡುತ್ತಿದ್ದರು. ಎಪ್ಪತ್ತೆರಡರ ಬರದಲ್ಲಿ ತಿಕೋಟಾ ಕಡೆಯ ನೆಂಟರಿಷ್ಟರೆಲ್ಲ ಕೂಲಿ ಹುಡುಕಿಕೊಂಡು ಬಂದು ಸೇರಿದ ಮೇಲೆ ಆರು ಜನರ ಮನೆಯಲ್ಲಿ ಹನ್ನೊಂದು ಹನ್ನೆರಡು ಜನ ಇರತೊಡಗಿದರು.

ಆ ಓಣಿಯ ನಾಲ್ಕನೇ ಮನೆ ಪೀರಾಂಬಿಯದು. ಐವತ್ತೈದರ ಆಸುಪಾಸಿನ ವಿಧವೆ. ಹಳೆಯ ಬಟ್ಟೆ ಜೋಡಿಸಿ ಕೌದಿ ಹೊಲಿಯುವುದು ಅವಳ ಕಸುಬು. ಮಗ ಜಿಲಾನಿ ಟಾಂಗಾ ಹೊಡೆಯುತ್ತಿದ್ದ. ಕೌದಿಯಿಂದ ಹೊಟ್ಟೆ ತುಂಬುತ್ತಿತ್ತು, ಆದರೆ ಅವಳ ಹೆಸರು ಊರೆಲ್ಲ ಹಬ್ಬಿದ್ದು ಬೇರೆ ವಿದ್ಯೆಯಿಂದ. ಮಗುವಿಗೆ ಗಂಟಲು ನೋವು ಬಂದು ಉಗುಳು ನುಂಗಲಾಗದಿದ್ದರೆ ನಮ್ಮ ಕಡೆ ಕಿರುನಾಲಿಗೆ ಬಿದ್ದಿದೆ ಎನ್ನುತ್ತಾರೆ. ಬಿದ್ದದ್ದನ್ನು ಎತ್ತುವವಳು ಪೀರಾಂಬಿ. ಬಲಗೈಯ ತೋರುಬೆರಳನ್ನು ಅರಿಶಿಣದಲ್ಲಿ ಅದ್ದಿ, ಮಗುವಿನ ಬಾಯೊಳಗೆ ಹಾಕಿ, ಗಂಟಲನ್ನು ಒಂದು ಸಲ ಒತ್ತಿ ಮೇಲಕ್ಕೆ ಎತ್ತುವಳು. ಮಗು ಕಿರುಚಿ ವಾಂತಿ ಮಾಡಿಕೊಳ್ಳುವುದು. ತಾಯಿ ಕಣ್ಣು ಒರೆಸಿಕೊಂಡು, ಗುಣವಾಯಿತು ಎಂದು ನಂಬಿ ಮನೆಗೆ ಹೋಗುವಳು.

ದುಡ್ಡು ಮುಟ್ಟಿದರೆ ಕೈಗುಣ ಹೋಗುತ್ತದೆ ಎಂದು ಅವಳ ತಾಯಿ ತಿಕೋಟಾದಲ್ಲಿ ಈ ವಿದ್ಯೆ ಕಲಿಸುವಾಗಲೇ ಆಣೆ ಹಾಕಿಸಿಕೊಂಡಿದ್ದಳಂತೆ. ಹಾಗಾಗಿ ಪುಕ್ಕಟೆ. ಹಿಂದೂ ಮುಸಲ್ಮಾನ ಎಂಬ ಭೇದವಿಲ್ಲದೆ ಬೆಳಗ್ಗೆ ಅವಳ ಕಟ್ಟೆಯ ಮೇಲೆ ತಾಯಂದಿರು ಸಾಲಾಗಿ ಕೂತಿರುತ್ತಿದ್ದರು. ಒಂದು ಬೆರಳು, ಹತ್ತು ಬಾಯಿ, ನಡುವೆ ಸೆರಗಿಗೆ ಒರೆಸಿಕೊಂಡರೆ ಹೆಚ್ಚು. ಇತ್ತ ನಾನು ಸೂಜಿಯನ್ನು ಇಪ್ಪತ್ತು ನಿಮಿಷ ಕುದಿಸಿ ಚಿಮಟದಲ್ಲಿ ಎತ್ತುವ ಮನುಷ್ಯ. ನನ್ನ ಹೊಟ್ಟೆ ಉರಿಯದೆ ಇರುತ್ತದೆಯೇ? ಅದಕ್ಕಿಂತ ಹೆಚ್ಚು ಉರಿದದ್ದು ರೇಣುಕವ್ವ ನಮ್ಮ ಮಗನನ್ನೂ ಕದ್ದು ಅಲ್ಲಿಗೆ ಕರೆದೊಯ್ಯುತ್ತಿದ್ದಳು ಎಂದು ತಿಳಿದ ದಿನ. ಕೇಳಿದರೆ, ನಿಮ್ಮ ದವಾಖಾನೆಯ ಬಾಕಿನ ಮೇಲೆ ಕೂತು ಎರಡು ತಾಸು ಕಾಯಬೇಕು, ಪೀರಾಂಬಿ ಮಗುವಿನ ತಲೆ ಸವರಿ ಮಾತಾಡಿಸುತ್ತಾಳೆ ಎಂದಳು. ಎರಡು ದಿನ ನಾನು ಅವಳ ಜೊತೆ ಮಾತು ಬಿಟ್ಟೆ.

ಎಪ್ಪತ್ತಮೂರರ ದೀಪಾವಳಿ ಮುಗಿದ ಹೊಸದರಲ್ಲಿ ಪೀರಾಂಬಿ ತನ್ನ ಮೊಮ್ಮಗಳನ್ನು ಹೊತ್ತುಕೊಂಡು ನಮ್ಮ ದವಾಖಾನೆಗೆ ಬಂದಳು. ಅವಳು ನಮ್ಮ ಹೊಸ್ತಿಲು ತುಳಿದದ್ದು ಅದೇ ಮೊದಲು. ಮೊಮ್ಮಗಳ ಹೆಸರು ನಜಮಾ, ಒಂಬತ್ತು ವರ್ಷ, ಜಿಲಾನಿಯ ಹಿರಿಯ ಮಗಳು. ಗಂಡುಮಕ್ಕಳನ್ನೂ ಹಿಂದೆ ಹಾಕಿ ಉಪ್ಪಲಿ ಬುರುಜನ್ನು ಓಡಿಕೊಂಡು ಹತ್ತುವ ಹುಡುಗಿ. ಉಪ್ಪಲಿ ಬುರುಜೆಂದರೆ ಊರ ನಡುವಿನ ಹಳೆಯ ಕಾವಲು ಗೋಪುರ, ಅದರ ಮೆಟ್ಟಿಲು ಹೊರಮೈ ಸುತ್ತಿಕೊಂಡು ಮೇಲೆ ಹೋಗುತ್ತದೆ. ಎಂಟು ದಿನದ ಹಿಂದೆ ಅರ್ಧ ಹತ್ತಿದವಳು ಎದೆ ಹಿಡಿದುಕೊಂಡು ಕೂತುಬಿಟ್ಟಿದ್ದಳಂತೆ. ಅದಕ್ಕೂ ಮೊದಲು ಮೊಣಕಾಲು ಊದಿತ್ತು, ಅದು ಇಳಿದು ಮೊಣಕೈ ಊದಿತ್ತು. ಅಜ್ಜಿ ಎಣ್ಣೆ ತಿಕ್ಕಿದ್ದಳು. ಅದಕ್ಕೂ ಹದಿನೈದು ದಿನ ಮೊದಲು ಗಂಟಲು ನೋವು ಬಂದಿತ್ತು. ಅದನ್ನು ಅಜ್ಜಿಯೇ ಎತ್ತಿದ್ದಳು.

ಡಾಕ್ಟರರು ಅವಳ ಎದೆಗೆ ನಳಿಗೆ ಹಚ್ಚಿ ಬಹಳ ಹೊತ್ತು ಕೇಳಿದರು. ಅವರು ಧಾರವಾಡದ ಕಡೆಯ ತಣ್ಣನೆಯ ಮನುಷ್ಯ, ಗಟ್ಟಿಯಾಗಿ ಮಾತಾಡಿದ್ದನ್ನು ನಾನು ಕಂಡಿಲ್ಲ. ಗಂಟಲಿಗೆ ಬಂದ ಬೇನೆ ಕೀಲಿಗೆ ಇಳಿದು, ಅಲ್ಲಿಂದ ಎದೆಗೆ ಹೋಗಿದೆ ಎಂದು ಬಿಡಿಸಿ ಹೇಳಿದರು. ಹೃದಯದ ಒಳಗೆ ರಕ್ತ ಹಾಯುವ ಬಾಗಿಲಿಗೆ ಬಾವು ಬಂದಿದೆ, ಈಗ ಇಳಿಸಬಹುದು. ಆದರೆ ಅದೇ ಗಂಟಲು ಬೇನೆ ಮತ್ತೆ ಬಂದರೆ ಆ ಬಾಗಿಲು ಪೂರ್ತಿ ಕೆಡುತ್ತದೆ. ಬರದಂತೆ ತಡೆಯಲು ಇಪ್ಪತ್ತೊಂದು ದಿನಕ್ಕೊಮ್ಮೆ ಪೆನಿಸಿಲಿನ್ ಸೂಜಿ, ಅದೂ ವರ್ಷಗಟ್ಟಲೆ. ಒಂದು ಸಲವೂ ತಪ್ಪಕೂಡದು.

ಪೀರಾಂಬಿ ಎಲ್ಲಕ್ಕೂ ತಲೆಯಾಡಿಸಿದಳು. ಆಮೇಲೆ ಮೆಲ್ಲಗೆ, ಈ ಬೇನೆ ಇವಳಿಗೆ ಎಲ್ಲಿಂದ ಬಂತು ಎಂದು ಕೇಳಿದಳು. ಡಾಕ್ಟರರು ಬಾಯಿ ತೆರೆಯುವ ಮೊದಲೇ ನನ್ನ ನಾಲಿಗೆ ಜಾರಿತು.

"ಎಲ್ಲಿಂದ ಅಂತ ಕೇಳ್ತಿ? ಹತ್ತು ಹುಡುಗರ ಬಾಯಾಗ ಇಟ್ಟ ಬೆರಳ ಈ ಕೂಸಿನ ಬಾಯಾಗ ಇಟ್ಟೀದಿ. ಇದರ ಎದಿ ಕೆಡಸಿದಾಕಿ ನೀನ."

ವಯಸ್ಸಿನಲ್ಲಿ ತಾಯಿಯಂತಿದ್ದವಳು, ನನ್ನನ್ನು ಯಾವಾಗಲೂ ‘ರಿ’ ಹಚ್ಚಿ ಮಾತಾಡಿಸುತ್ತಿದ್ದವಳು. ತನ್ನ ಬೆರಳನ್ನು ಒಮ್ಮೆ ನೋಡಿಕೊಂಡಳು, ಸೆರಗಿನಲ್ಲಿ ಅದನ್ನು ಸುತ್ತಿ ಮುಚ್ಚಿಕೊಂಡಳು. ನಾನು ನಜಮಾಳಿಗೆ ಸೂಜಿ ಹಾಕಿದೆ. ಆ ಔಷಧಿ ಹಾಲಿನಂತೆ ದಪ್ಪ, ಸೂಜಿಯೂ ದಪ್ಪ, ಎರಡು ದಿನ ಕುಂಡೆ ಊರಿ ಕೂರಲಾಗದಷ್ಟು ನೋವು. ಹುಡುಗಿ ಕೂಗಿಕೊಂಡಳು. ಅಜ್ಜಿ ಎಡಗೈಯಲ್ಲಿ ಮಾತ್ರ ಅವಳನ್ನು ಹಿಡಿದಿದ್ದಳು.

ಮರುದಿನದಿಂದ ಪೀರಾಂಬಿ ಗಂಟಲು ಎತ್ತುವುದನ್ನು ಬಿಟ್ಟಳು. ನನಗೆ ಗೆದ್ದ ಸಂತೋಷ. ಸುಳ್ಳೇಕೆ ಹೇಳಲಿ, ಆ ಸಂಜೆ ಚೌಕದಲ್ಲಿ ಒಂದು ಚಹಾ ಹೆಚ್ಚಿಗೆ ಕುಡಿದೆ.

ಆ ವಾರ ಡಾಕ್ಟರರು ನಜಮಾಳನ್ನು ನೋಡಲು ತಾವೇ ಓಣಿಗೆ ನಡೆದರು, ಪೆಟ್ಟಿಗೆ ಹಿಡಿದು ನಾನು ಹಿಂದೆ. ಒಳಗೆ ಕಾಲಿಟ್ಟರೆ ನಡುಮಧ್ಯಾಹ್ನವೂ ಕತ್ತಲೆ, ಒಲೆಯ ಹೊಗೆ ಹೊರಗೆ ಹೋಗದೆ ಅಲ್ಲೇ ಸುತ್ತುತ್ತಿತ್ತು. ಮೂಲೆಯಲ್ಲಿ ಒಂದು ದೊಡ್ಡ ಕೌದಿ ಮಡಚಿಟ್ಟಿತ್ತು. ಪೀರಾಂಬಿ ತನ್ನ ಕೈಯಾರೆ ಹೊಲಿದದ್ದು, ಓಣಿಗೇ ದೊಡ್ಡದು. ನಜಮಾ ಸೇರಿ ಏಳು ಮಕ್ಕಳು ಅದೊಂದರಡಿಯಲ್ಲೇ ಮಲಗುತ್ತಿದ್ದವು. ಹಂಡೆಯ ಮೇಲೆ ಒಂದೇ ತಂಬಿಗೆ, ಬಂದವರೆಲ್ಲ ಅದಕ್ಕೇ ಬಾಯಿ ಹಚ್ಚುವುದು. ಡಾಕ್ಟರರು ಎಲ್ಲ ನೋಡಿದರು. ಗಾಳಿ ಇರುವ ಕಡೆ ಮನೆ ಮಾಡಿರಿ, ಅಥಣಿ ರಸ್ತೆಯ ಕಡೆ ಹೊಸ ಮನೆಗಳು ಏಳುತ್ತಿವೆ ಎಂದು ಸಾಹುಕಾರರಿಗೆ ಹೇಳುವ ಮಾತನ್ನು ಅವರು ಅಲ್ಲಿ ಆಡಲಿಲ್ಲ. ಬೆಳಕಿಂಡಿಯ ಕಲ್ಲು ತೆಗೆಸಿರಿ, ನಜಮಾಳಿಗೆ ಬೇರೆ ಹಾಸಿಗೆ ಮಾಡಿರಿ ಎಂದು ಮಾತ್ರ ಹೇಳಿದರು. ಹೊರಗೆ ಬಂದ ಮೇಲೆ ನನ್ನ ಕಡೆ ತಿರುಗಿದರು.

"ಶಿವಯೋಗೆಪ್ಪ, ನೀವು ಒಂದು ಬೆರಳ ಹಿಡಕೊಂಡು ಕೂತೀರಿ. ಏಳು ಮಕ್ಕಳು ಒಬ್ಬರ ಉಸಿರು ಒಬ್ಬರು ಕುಡೀಲಿಕ್ಕತ್ತಾರ. ಬೇನೆ ಬೆರಳಿಂದ ಬಂತೋ, ತಂಬಿಗಿಯಿಂದ ಬಂತೋ, ಕೌದಿಯಿಂದ ಬಂತೋ, ನಿಮಗ ಹೆಂಗ ಗೊತ್ತು?"

ಮುಖ ದಪ್ಪ ಮಾಡಿಕೊಂಡು ಪೆಟ್ಟಿಗೆ ಹೊತ್ತು ನಡೆದೆ.

ಪೀರಾಂಬಿಗೆ ಓದು ಬರಹ ಬರುತ್ತಿರಲಿಲ್ಲ. ಇಪ್ಪತ್ತೊಂದು ದಿನದ ಲೆಕ್ಕಕ್ಕೆ ಅವಳೊಂದು ಉಪಾಯ ಮಾಡಿಕೊಂಡಳು. ಸೂಜಿ ಹಾಕಿಸಿದ ದಿನ ಒಂದು ತಗಡಿನ ಡಬ್ಬಿಯಲ್ಲಿ ಇಪ್ಪತ್ತೊಂದು ಜೋಳದ ಕಾಳು ಎಣಿಸಿ ಹಾಕುವುದು, ದಿನಾ ಬೆಳಗಿನ ನಮಾಜು ಮುಗಿಸಿ ಒಂದು ಕಾಳನ್ನು ಕೋಳಿಗೆ ಚೆಲ್ಲುವುದು. ಡಬ್ಬಿ ಬರಿದಾದ ದಿನ ದವಾಖಾನೆ. ಇದನ್ನು ನನಗೆ ಹೇಳಿದ್ದು ರೇಣುಕವ್ವ. ಪೀರಾಂಬಿ ನನ್ನ ಹತ್ತಿರ ಮಾತಾಡುತ್ತಿರಲಿಲ್ಲ, ಮೊಮ್ಮಗಳನ್ನು ಒಳಗೆ ಕಳಿಸಿ ತಾನು ಬಾಗಿಲ ಹೊರಗೆ ನಿಲ್ಲುತ್ತಿದ್ದಳು. ಐದು ಸಲ ತಪ್ಪದೆ ಬಂದಳು.

ಇತ್ತ ನಾನು ಎಣಿಸಿದ್ದೊಂದು, ಆದದ್ದೊಂದು. ಪೀರಾಂಬಿ ಬಿಟ್ಟರೆ ಗಂಟಲು ನೋವಿನ ಮಕ್ಕಳೆಲ್ಲ ನಮ್ಮಲ್ಲಿಗೆ ಬರುತ್ತವೆ ಎಂದುಕೊಂಡಿದ್ದೆ. ಒಬ್ಬರೂ ಬರಲಿಲ್ಲ. ಗಂಟಲು ನೋವಿಗೆ ಯಾರಾದರೂ ದವಾಖಾನೆಗೆ ಹೋಗುತ್ತಾರೆಯೇ, ಕೂಲಿ ಬಿಟ್ಟು ಬಾಕಿನ ಮೇಲೆ ಕೂರುತ್ತಾರೆಯೇ? ತಾಯಂದಿರು ಮನೆಯಲ್ಲೇ ಉಪ್ಪುನೀರು ಮುಕ್ಕಳಿಸಲು ಕೊಟ್ಟು ಬಿಟ್ಟರು. ಹೋಳಿ ಹುಣ್ಣಿಮೆ ಮುಗಿಯುವಷ್ಟರಲ್ಲಿ ಪೀರಾಂಬಿಯ ಪಕ್ಕದ ಮನೆಯ ಗುರುಸಿದ್ದವ್ವ ತನ್ನ ಮಗನನ್ನು ಹೊತ್ತು ತಂದಳು. ಮೊಣಕಾಲು ಊದಿ ಕೆಂಪಾಗಿದ್ದವು. ಗಂಟಲು ನೋವು ಬಂದು ಮೂರು ವಾರವಾಗಿತ್ತಂತೆ. ಯಾಕೆ ಆಗಲೇ ತರಲಿಲ್ಲ ಎಂದು ರೇಗಿದೆ. ಮೊದಲಾಗಿದ್ದರೆ ಪೀರಾಂಬಿಗೆ ತೋರಿಸುತ್ತಿದ್ದೆ, ನೀವು ಅವಳ ಬಾಯಿ ಮುಚ್ಚಿಸಿದಿರಿ, ಇನ್ನು ಯಾರಿಗೆ ತೋರಿಸಲಿ ಎಂದು ಅವಳು ನನ್ನ ಮೇಲೇ ತಿರುಗಿದಳು.

ಡಾಕ್ಟರರು ಆ ಹುಡುಗನನ್ನು ನೋಡಿ ಕೈ ತೊಳೆಯುತ್ತ ಮತ್ತೊಂದು ಮಾತು ಹೇಳಿದರು. ಈ ಹುಡುಗ ನಜಮಾಳ ಜೊತೆ ಆಡುವವನು. ಓಣಿಯಲ್ಲಿ ಹೀಗೆ ಗಂಟಲು ಬೇನೆ ಸುತ್ತುತ್ತಿದ್ದರೆ, ಸೂಜಿ ಒಂದು ವಾರ ತಡವಾದರೂ ಅವಳಿಗೆ ಮತ್ತೆ ಹತ್ತುತ್ತದೆ. ನಾನು ಗೋಡೆಯ ಕ್ಯಾಲೆಂಡರ್ ನೋಡಿದೆ. ನಜಮಾಳ ಆರನೇ ಸೂಜಿಯ ದಿನ ದಾಟಿ ಐದು ದಿನವಾಗಿತ್ತು. ಅದು ನನಗೆ ಗೊತ್ತಿಲ್ಲದ ವಿಷಯವಾಗಿರಲಿಲ್ಲ. ಅವಳೇ ಬರಲಿ, ನಾನ್ಯಾಕೆ ಕರೆಯಲು ಹೋಗಲಿ ಎಂಬ ಹಟದಲ್ಲಿ ಐದು ದಿನ ಕೂತಿದ್ದೆ. ನನ್ನ ಜೀವನದಲ್ಲಿ ನಾಚಿಕೆ ಪಡುವ ದಿನಗಳಿದ್ದರೆ ಅವು ಆ ಐದು.

ಅಂಗಿಯ ಗುಂಡಿ ಹಾಕಿಕೊಳ್ಳುತ್ತಲೇ ಓಣಿಗೆ ಓಡಿದೆ. ಪೀರಾಂಬಿ ಕಟ್ಟೆಯ ಮೇಲೆ ಕೌದಿ ಹೊಲಿಯುತ್ತಿದ್ದಳು. ನನ್ನನ್ನು ಕಂಡು ಎದ್ದು ನಿಂತಳು. ಸೂಜಿಯ ದಿನ ದಾಟಿದೆ ಎಂದೆ. ಇಲ್ಲ ಎಂದು ಒಳಗೆ ಹೋಗಿ ಡಬ್ಬಿ ತಂದು ತೋರಿಸಿದಳು. ಒಳಗೆ ಇನ್ನೂ ನಾಲ್ಕು ಕಾಳು ಇದ್ದವು. ಕಾಳು ಸುಳ್ಳು ಹೇಳುತ್ತವೆಯೇ ಎಂಬಂತೆ ನನ್ನ ಮುಖ ನೋಡಿದಳು. ಆಗ ಬಾಗಿಲ ಹಿಂದಿನಿಂದ ನಜಮಾ ಅಳುವುದು ಕೇಳಿಸಿತು.

"ದಾದಿ, ಕಾಳು ನಾ ಹಾಕೀನಿ," ಎಂದು ಹುಡುಗಿ ಅಜ್ಜಿಗೆ ಹೇಳಿದಳು. "ಸೂಜಿ ಭಾಳ ನೂಸ್ತೈತಿ."

ಪೀರಾಂಬಿ ಹೊಡೆಯಲು ಕೈ ಎತ್ತಿದಳು. ಎತ್ತಿದ ಕೈ ಅಲ್ಲೇ ನಿಂತಿತು. ಡಬ್ಬಿಯನ್ನು ಕೆಳಗಿಟ್ಟು ಮೊಮ್ಮಗಳನ್ನು ಎಳೆದು ತಬ್ಬಿಕೊಂಡಳು, ಓಣಿಯವರೆಲ್ಲ ಹೊರಬರುವಷ್ಟು ಗಟ್ಟಿಯಾಗಿ ಅತ್ತಳು. ನಾಲ್ಕು ತಿಂಗಳು ತಡೆದಿಟ್ಟ ಅಳು ಅದು ಎಂದು ನನಗೆ ತಿಳಿಯಿತು. ಇವಳಿಗೆ ಬೇನೆ ತಂದವಳೂ ನಾನೇ, ಸೂಜಿ ತಪ್ಪಿಸಿದವಳೂ ನಾನೇ ಎಂದು ಮತ್ತೆ ಮತ್ತೆ ಹೇಳುತ್ತಿದ್ದಳು. ಆ ಮಾತನ್ನು ಅವಳ ಬಾಯಿಗೆ ಕೊಟ್ಟವನು ನಾನು.

ಮೊದಲು ಹುಡುಗಿಯನ್ನು ಕರೆದೊಯ್ದು ಸೂಜಿ ಹಾಕಿದೆ. ಡಾಕ್ಟರರು ಗಂಟಲು ನೋಡಿ, ಎದೆ ಕೇಳಿ, ಸದ್ಯ ಏನೂ ಆಗಿಲ್ಲ ಎಂದರು. ಆಮೇಲೆ ಬಾಗಿಲ ಹೊರಗೆ ನಿಂತಿದ್ದ ಪೀರಾಂಬಿಯ ಹತ್ತಿರ ಹೋದೆ. ನನಗೆ ತಪ್ಪಾಯಿತು ಎಂದು ಹೇಳಿ ಅಭ್ಯಾಸವಿಲ್ಲ.

"ಯವ್ವಾ, ಅವತ್ತ ನಾ ಅಂದದ್ದು ತಪ್ಪಾತ್ರಿ. ಓಣ್ಯಾಗಿನ ತಾಯಂದಿರು ನನ್ನ ಹತ್ರ ಬರೂದಿಲ್ಲ, ನಿಮ್ಮ ಹತ್ರನ ಬರ್ತಾರ. ನೀವು ಮತ್ತ ಕಟ್ಟಿ ಮ್ಯಾಲ ಕುಂದರ್ರಿ. ಬೆರಳ ಹಾಕಬ್ಯಾಡ್ರಿ, ಬರೇ ನೋಡ್ರಿ."

ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ಬೆರಳು ಹಾಕದ ಪೀರಾಂಬಿಗೆ ಯಾರು ಬಾಯಿ ತೆರೆಯುತ್ತಾರೆ ಎಂದು ಕೇಳಿದಳು. ಆಗ ಮೊದಲ ಸಲ ಅವಳ ತುಟಿಯ ಮೇಲೆ ನಗು ಕಾಣಿಸಿತು.

"ಹಂಗಾರ ನಾಳಿ ಮುಂಜಾನಿ ಎಲ್ಲಾರ ಮುಂದ ಮೊದಲ ನೀವ ಬಾಯಿ ತಗೀರಿ," ಎಂದಳು.

ತೆಗೆದೆ. ಏನು ಮಾಡಲಿ? ಮರುದಿನ ಬೆಳಗ್ಗೆ ಹಗ್ಗದ ಓಣಿಯ ಕಟ್ಟೆಯ ಮೇಲೆ, ನಳಕ್ಕೆ ನಿಂತ ಹೆಂಗಸರೆಲ್ಲರ ಎದುರಿಗೆ, ಮೂವತ್ತೈದು ವರ್ಷದ ಮೀಸೆ ಹೊತ್ತ ಕಂಪೌಂಡರ ಕೂಸಿನಂತೆ ಆ ಎಂದು ಬಾಯಿ ತೆರೆದು ಕೂತ. ಪೀರಾಂಬಿ ಕುದಿಸಿದ ಚಮಚದ ಹಿಡಿಯಿಂದ ನಾಲಿಗೆ ಒತ್ತಿ, ಡಾಕ್ಟರರು ಕೊಟ್ಟ ಬ್ಯಾಟರಿಯ ಬೆಳಕು ಬಿಟ್ಟು, ಬೇಕೆಂದೇ ಬಹಳ ಹೊತ್ತು ನೋಡಿದಳು. ಗಂಟಲು ಚೆನ್ನಾಗಿದೆ, ನಾಲಿಗೆಯದೇ ಬೇನೆ ಎಂದು ಸಾರಿದಳು. ಗುರುಸಿದ್ದವ್ವ ಕೊಡ ಕೆಳಗಿಟ್ಟು ನಕ್ಕಳು. ರೇಣುಕವ್ವ ನಮ್ಮ ಮಗನನ್ನು ಎರಡನೆಯವನಾಗಿ ಕೂರಿಸಿದಳು. ಆಮೇಲೆ ಸಾಲು ತಾನೇ ಬೆಳೆಯಿತು.

ಡಾಕ್ಟರರು ಅವಳಿಗೆ ಕಲಿಸಬೇಕಾದದ್ದು ಬಹಳ ಇರಲಿಲ್ಲ. ಮೂವತ್ತು ವರ್ಷ ಗಂಟಲು ಮುಟ್ಟಿದವಳಿಗೆ ಯಾವುದು ಸಾದಾ ನೆಗಡಿ, ಯಾವುದು ಬೇರೆ ಎಂಬುದು ಮೊದಲೇ ಅಂದಾಜಿತ್ತು. ಕೆಮ್ಮು ನೆಗಡಿ ಇದ್ದರೆ ಮನೆಯಲ್ಲೇ ಬಿಸಿನೀರು. ಕೆಮ್ಮಿಲ್ಲದೆ ಜ್ವರ ಬಂದು, ಗಂಟಲು ಕೆಂಪಾಗಿ ಬಿಳಿ ಕಂಡು, ದವಡೆಯ ಕೆಳಗೆ ಗಂಟು ಕಟ್ಟಿದ್ದರೆ ಅಂದೇ ದವಾಖಾನೆ. ಅಂಥ ಮಗುವಿನ ಕೈಗೆ ಅವಳು ಕೌದಿಯ ಒಂದು ಕೆಂಪು ಚಿಂದಿ ಕಟ್ಟಿ ಕಳಿಸುತ್ತಿದ್ದಳು. ಕೆಂಪು ಚಿಂದಿ ಕಂಡರೆ ನಾನು ಬಾಕಿನ ಮೇಲೆ ಕೂರಿಸದೆ ನೇರ ಒಳಗೆ ಬಿಡಬೇಕು ಎಂದು ಅವಳು ಡಾಕ್ಟರರಿಂದ ಮಾತು ಪಡೆದಿದ್ದಳು. ನನ್ನನ್ನು ಕೇಳಲೂ ಇಲ್ಲ.

ಓಣಿಯನ್ನೂ ಬಿಡಲಿಲ್ಲ ಪುಣ್ಯಾತ್ಗಿತ್ತಿ. ತನ್ನ ಮನೆಯ ಆ ದೊಡ್ಡ ಕೌದಿಯನ್ನು ಅಂಗಳದಲ್ಲಿ ಹಾಸಿ ಕತ್ತರಿಯಿಂದ ಏಳು ತುಂಡು ಮಾಡಿದಳು. ಅಂಚು ಮಡಚಿ ಹೊಲಿದು ಏಳು ಸಣ್ಣ ಕೌದಿ ಮಾಡಿ, ಒಂದೊಂದು ಮಗುವಿಗೆ ಒಂದೊಂದು ಕೊಟ್ಟಳು. ಮೂರು ತಿಂಗಳ ದುಡಿಮೆಯ ಕೌದಿ ಅದು. ಆಮೇಲೆ ಬೇರೆ ಮನೆಯವರಿಗೂ ಹಾಗೇ ಮಾಡಿಕೊಟ್ಟಳು. ಮಲಗುವಾಗ ಒಬ್ಬರ ತಲೆಯ ಕಡೆ ಇನ್ನೊಬ್ಬರ ಕಾಲು ಬರಬೇಕೆಂದು ಕಟ್ಟಪ್ಪಣೆ. ಬೆಳಕಿಂಡಿಯ ಕಲ್ಲು ತೆಗೆಸಲು ಜಗಳವನ್ನೇ ಆಡಿದಳು, ಚಳಿ ಎಂದವರನ್ನು, ಮತ್ತೆ ಕೌದಿ ಕೊಟ್ಟಿದ್ದು ಯಾಕೆ ಎಂದು ಕೇಳಿದಳು. ತಂಬಿಗೆಗೆ ಬಾಯಿ ಹಚ್ಚಿದ ಹುಡುಗರ ಕೈಗೆ ಚಮಚದ ಪೆಟ್ಟು. ಬರ ಕಳೆದು ಮಳೆ ಹಿಡಿದ ಮೇಲೆ ನೆಂಟರು ತಿಕೋಟಾಕ್ಕೆ ಮರಳಿದರು, ಮನೆಗಳು ಸ್ವಲ್ಪ ಸಡಿಲವಾದವು. ಗುರುಸಿದ್ದವ್ವನ ಮಗನೂ ಎದೆಗೆ ಏನೂ ಆಗದೆ ಎದ್ದ. ಮುಂದಿನ ಚಳಿಗಾಲದಲ್ಲಿ ಆ ಓಣಿಯಿಂದ ಊದಿದ ಕೀಲು ಹೊತ್ತು ಬಂದ ಮಗು ಒಂದೂ ಇಲ್ಲ. ಡಾಕ್ಟರರು ಅದನ್ನು ನನಗೆ ಎರಡು ಸಲ ಹೇಳಿದರು.

ಡಬ್ಬಿಯ ಕಾಳು ಮಾತ್ರ ನಿಲ್ಲಲಿಲ್ಲ. ಡಬ್ಬಿಗೆ ಒಂದು ಬೀಗ ಬಂತು, ಕೀಲಿ ಅಜ್ಜಿಯ ಕೊರಳಲ್ಲಿ. ಆರು ವರ್ಷದಲ್ಲಿ ಮೂರು ಕೋಳಿ ಬದಲಾದವು, ಸೂಜಿ ಒಂದೂ ತಪ್ಪಲಿಲ್ಲ. ನಜಮಾ ಆಮೇಲೆ ಅಳುವುದನ್ನು ಬಿಟ್ಟು, ನನ್ನ ಕೈ ನಡುಗುತ್ತದೆ ಎಂದು ಚೇಷ್ಟೆ ಮಾಡುವಷ್ಟು ದೊಡ್ಡವಳಾದಳು.

ಎಪ್ಪತ್ತೊಂಬತ್ತರ ಚಳಿಗಾಲದ ಒಂದು ಬೆಳಗ್ಗೆ ಡಾಕ್ಟರರು ಅವಳ ಎದೆಗೆ ನಳಿಗೆ ಹಚ್ಚಿ, ಕಣ್ಣು ಮುಚ್ಚಿ, ಎಡಕ್ಕೆ ಮಲಗಿಸಿ, ಮತ್ತೆ ಕೂರಿಸಿ ಕೇಳಿದರು. ಮೊದಲು ಸುಯ್ ಎನ್ನುತ್ತಿದ್ದ ಸದ್ದು ಈಗ ಇಲ್ಲ ಎಂದರು. ಸೂಜಿ ಇನ್ನೂ ಕೆಲವು ವರ್ಷ ಬೇಕು. ಆದರೆ ಓಡಬಹುದು, ಹತ್ತಬಹುದು. ನಜಮಾ ಕೇಳಿದ್ದು ಒಂದೇ, ಉಪ್ಪಲಿ ಬುರುಜು ಹತ್ತಲೇ ಎಂದು. ಹತ್ತು ಎಂದರು.

ಮುಂದಿನ ಸೂಜಿಯ ದಿನ ಬೆಳಗ್ಗೆಯೇ ಮೂವರೂ ಹೋದೆವು. ಅವಳು ಹತ್ತತೊಡಗಿದಳು, ನಾನು ಮತ್ತು ಪೀರಾಂಬಿ ಕೆಳಗೆ ನಿಂತೆವು. ಮೆಟ್ಟಿಲು ಗೋಪುರವನ್ನು ಸುತ್ತುವುದರಿಂದ ಹುಡುಗಿ ಒಮ್ಮೆ ಕಾಣುತ್ತಿದ್ದಳು, ಒಮ್ಮೆ ಮರೆಯಾಗುತ್ತಿದ್ದಳು. ಮರೆಯಾದಾಗಲೆಲ್ಲ ಪೀರಾಂಬಿಯ ಉಸಿರು ನಿಲ್ಲುತ್ತಿತ್ತು. ಹಿಂದೆ ನಜಮಾ ಎದೆ ಹಿಡಿದು ಕೂತಿದ್ದ ಮೆಟ್ಟಿಲು ಆಚೆ ಮಗ್ಗುಲಲ್ಲಿತ್ತು. ಅತ್ತ ಕಡೆಯೇ ಕಣ್ಣಿಟ್ಟಿದ್ದ ಪೀರಾಂಬಿ ನನ್ನ ಕಡೆ ತಿರುಗದೆಯೇ ಕೇಳಿದಳು.

"ಶಿವಯೋಗೆಪ್ಪಾ, ಇವತ್ತ ಖರೆ ಹೇಳು. ನನ್ನ ಬೆರಳೇ ಏನು?"

ಆರು ವರ್ಷ ಇದನ್ನು ಹೊತ್ತುಕೊಂಡೇ ತಿರುಗಿದ್ದಾಳೆ! ಅಲ್ಲ ಎಂದುಬಿಡಬಹುದಿತ್ತು. ಆದರೆ ಅವಳು ಮೊದಲ ಸಲ ‘ರಿ’ ಬಿಟ್ಟು ನನ್ನನ್ನು ಮಗನಂತೆ ಕರೆದು ಕೇಳಿದ್ದಳು, ಸುಳ್ಳು ಹೇಳಲು ಬಾಯಿ ಬರಲಿಲ್ಲ.

"ಗೊತ್ತಿಲ್ಲ ಯವ್ವಾ," ಎಂದೆ. "ಯಾರಿಗೂ ಗೊತ್ತಾಗೂದಿಲ್ಲ."

ಅವಳು ಗೋಪುರದಿಂದ ಕಣ್ಣು ತೆಗೆಯಲಿಲ್ಲ. "ಹಂಗಾರ ಅರ್ಧಾ ನಂದು ಅಂತ ಇಟ್ಕೋತೀನಿ. ಅರ್ಧಾ ಓಣೀದು."

"ಇಟ್ಕೋರಿ. ಆರಾಮ ಮಾಡಿದ್ರಾಗೂ ಹಂಗ ಪಾಲ ಮಾಡ್ರಿ. ಅರ್ಧಾ ನಿಮ್ಮದು, ಅರ್ಧಾ ಓಣೀದು."

ಆಗ ಬುರುಜಿನ ತುದಿಯಲ್ಲಿ, ಹಳೆಯ ಫಿರಂಗಿಯ ಪಕ್ಕದಲ್ಲಿ, ನಜಮಾ ಕಾಣಿಸಿದಳು. ಓಢಣಿ ಗಾಳಿಗೆ ಹಾರುತ್ತಿತ್ತು. ಎರಡೂ ಕೈ ಎತ್ತಿ ದಾದಿ ಎಂದು ಕೂಗಿದಳು. ಏದುಸಿರಿಲ್ಲದ ತುಂಬಿದ ಕೂಗು ಅದು, ಕೆಳಗಿನ ತನಕ ಸ್ಪಷ್ಟವಾಗಿ ಬಂತು. ನನ್ನ ಕಣ್ಣು ತುಂಬಿದವು, ಮೀಸೆ ಸರಿಮಾಡಿಕೊಳ್ಳುವ ನೆಪದಲ್ಲಿ ಒರೆಸಿಕೊಂಡೆ.

ಪೀರಾಂಬಿ ಸೆರಗಿನಿಂದ ತನ್ನ ಬಲಗೈ ಹೊರತೆಗೆದಳು. ಅವತ್ತು ದವಾಖಾನೆಯಲ್ಲಿ ಸುತ್ತಿ ಮುಚ್ಚಿಕೊಂಡ ಆ ತೋರುಬೆರಳನ್ನು ನನ್ನ ಎದುರಿಗೆ ಅವಳು ಒಮ್ಮೆಯೂ ಹೀಗೆ ಎತ್ತಿರಲಿಲ್ಲ. ಅದನ್ನು ಮೇಲಕ್ಕೆತ್ತಿ ಮೊಮ್ಮಗಳ ಕಡೆ ಆಡಿಸುತ್ತ ಇಡೀ ಬಯಲಿಗೆ ಕೇಳುವಂತೆ ಕೂಗಿದಳು.

"ಸಾಕು, ಇಳಿ ಬೇ, ಡಬ್ಬಿ ಬರಿದಾಗೇತಿ. ಇವತ್ತ ಸೂಜಿ ಐತಿ."